ಪ್ರೆಸ್ಸಿನ ಇನ್‌ಬಾಕ್ಸ್ ಖಾಲಿ ಮಾಡಿದ್ದು

ಎರಡು ವರ್ಷದ ಹಿಂದೆ ನಾನು ಶಿಕಾರಿಪುರ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವೀಸ್ ಕೆಲಸಕ್ಕಿದ್ದೆ. ಈಗಲೂ ಅಲ್ಲೇ ಇದ್ದೇನೆ. ಓದಿದ್ದು ಹತ್ತನೇ ಕ್ಲಾಸು, ಅದೂ ಪಾಸಾಗಲಿಲ್ಲ. ಕೆಲಸ ಕಲಿತದ್ದು ಕೆಟ್ಟ ಮಿಷಿನ್ ಬಿಚ್ಚಿ. ಸೊರಬದ ಕಡೆಯಿಂದ ಯಾರು ಫೋನ್ ಮಾಡಿದರೂ ಯಜಮಾನರು ನನ್ನನ್ನೇ ಕಳಿಸುತ್ತಿದ್ದರು. ಬೇಗ ಮುಗಿಸಿ ವಾಪಸ್ ಬರುತ್ತೇನೆ ಅಂತ.

ಸೊರಬದಲ್ಲಿ ಇಬ್ರಾಹಿಂ ಸಾಹೇಬರದ್ದು ಒಂದು ಪ್ರಿಂಟಿಂಗ್ ಪ್ರೆಸ್. ಅರವತ್ತು ದಾಟಿದವರು. ಮದುವೆ ಕಾರ್ಡು, ಬಿಲ್ ಬುಕ್ಕು ಹಾಕುತ್ತಾರೆ. ಗಿರಾಕಿಗಳು ಕಾರ್ಡಿನ ಮ್ಯಾಟರು, ಫೋಟೋ ಎಲ್ಲ ಈಮೇಲ್‌ನಲ್ಲಿ ಕಳಿಸುತ್ತಾರೆ. ಸಾಹೇಬರು ಅದನ್ನು ಬ್ರೌಸರ್‌ನಲ್ಲಿ ನೋಡುತ್ತಿದ್ದರು. ಇದಕ್ಕೆ ವೆಬ್‌ಮೇಲ್ ಅನ್ನುತ್ತಾರೆ. ನೆಟ್ ಇದ್ದರೆ ಮಾತ್ರ ತೆರೆಯುತ್ತದೆ, ಅಲ್ಲಿ ನೆಟ್ ಇರುವುದೇ ಕಮ್ಮಿ. ಸಾಲದ್ದಕ್ಕೆ ವರ್ಷಗಟ್ಟಲೆ ಬಂದ ಫೋಟೋಗಳಿಂದ ಇನ್‌ಬಾಕ್ಸ್ ತುಂಬಿ, ಹೊಸ ಮೇಲ್ ಬರುವುದೇ ನಿಂತಿತ್ತು.

'ಮ್ಯಾಟ್ರು ಕಳ್ಸಿದ್ರೆ ವಾಪಸ್ ಬರ್ತದೆ ಅಂತಾರೆ ಮಾರಾಯ. ಮದ್ವೆ ಹತ್ರ ಬಂತು. ಎಂತ ಮಾಡದು ಹೇಳು' ಎಂದು ಫೋನಿನಲ್ಲಿ ಕೂಗಾಡಿದರು.

ಮಾರನೇ ದಿನ ಹೋದೆ. ಮೇಲ್ ಎಲ್ಲ ಕಂಪ್ಯೂಟರಿಗೇ ಇಳಿದು ಬರುವ ಹಾಗೆ ಒಂದು ಪ್ರೋಗ್ರಾಂ ಹಾಕುವುದು ನನ್ನ ಯೋಚನೆ. ಅದಕ್ಕೆ ಈಮೇಲ್ ಕ್ಲೈಂಟ್ ಅನ್ನುತ್ತಾರೆ. ಒಮ್ಮೆ ಇಳಿದರೆ ನೆಟ್ ಹೋದರೂ ಓದಬಹುದು. ಇದನ್ನು ಎರಡು ಥರ ಸೆಟ್ ಮಾಡಬಹುದು. ಐಮ್ಯಾಪ್ ಎಂದು ಹಾಕಿದರೆ ಮೇಲ್ ಕಂಪನಿಯವರ ಕಂಪ್ಯೂಟರಿನಲ್ಲೇ, ಅಂದರೆ ಸರ್ವರ್‌ನಲ್ಲೇ ಇರುತ್ತದೆ, ಎಲ್ಲಿಂದ ನೋಡಿದರೂ ಕಾಣುತ್ತದೆ. ಪಾಪ್ ಎಂದು ಹಾಕಿದರೆ ಮೇಲ್ ಈ ಕಂಪ್ಯೂಟರಿಗೆ ಬರುತ್ತದೆ. 'ಸರ್ವರ್‌ನಲ್ಲಿ ಒಂದು ಪ್ರತಿ ಇರಲಿ' ಎನ್ನುವ ಕಡೆ ಟಿಕ್ ತೆಗೆದರೆ ಅಲ್ಲಿಂದ ಅಳಿಸಿಯೂ ಹೋಗುತ್ತದೆ. ಬಾಕ್ಸ್ ತುಂಬಿದ್ದೇ ರೋಗ, ಹಾಗಾಗಿ ಪಾಪ್ ಹಾಕಿದೆ. ಪೋರ್ಟ್ ನಂಬರ್ ಕೇಳಿದ ಕಡೆ 995 ಒತ್ತಿದೆ. ಟಿಕ್ ತೆಗೆದೆ. ಫೋಟೋ, ಫೈಲು ಅಂಟಿಸಿ ಬಂದ ಮೇಲ್ 'ಕೆಲಸ' ಎನ್ನುವ ಫೋಲ್ಡರಿಗೆ, ಉಳಿದದ್ದು 'ಇತರೆ' ಫೋಲ್ಡರಿಗೆ ತಾನೇ ಹೋಗುವ ಹಾಗೂ ಮಾಡಿದೆ.

ನಾನು ಟೈಪ್ ಮಾಡುತ್ತಿದ್ದಾಗ ಸಾಹೇಬರು ಹಿಂದೆ ನಿಂತು, 'ಮಂಜಾ, ಇದ್ರಾಗೆ ಬೇರೆಯೋರ್ದೂ ಕಾಗ್ದ ಬರ್ತವೆ. ಅವರು ಎಂತ ಮಾಡ್ತಾರೆ ಅಂದ್ರೆ' ಎಂದು ಶುರು ಮಾಡಿದರು.

'ಎಲ್ಲಾ ಬರ್ತಾವ್ರೀ ಸಾಹೇಬ್ರೆ. ನೀವ್ ಸುಮ್ನ ಕುಂದರ್ರಿ, ನಂಗ ಬಸ್ಸಿಗೆ ಹೊತ್ತಾಗೈತಿ' ಎಂದೆ.

ಅವರು ಸುಮ್ಮನೆ ಕೂತರು. ಸುಮಾರು ಮೂರು ತಾಸಿನಲ್ಲಿ ಮೇಲ್ ಎಲ್ಲ ಇಳಿಯಿತು. ಸರ್ವರ್ ಖಾಲಿ. ಸಾಹೇಬರು ಖುಷಿಯಾಗಿ ಟೀ ತರಿಸಿದರು.

ಅವರು ಹೇಳಲು ಹೊರಟಿದ್ದು ಏನೆಂದು ನನಗೆ ಗೊತ್ತಾಗಿದ್ದು ಆಮೇಲೆ. ಹಿಂದೆ ಹಳ್ಳಿಯವರು ತಮ್ಮ ಟಪಾಲಿಗೆ ಪ್ರೆಸ್ಸಿನ ವಿಳಾಸ ಕೊಡುತ್ತಿದ್ದರಂತೆ. ಸಂತೆಗೆ ಬಂದಾಗ ಕೇಳಿಕೊಂಡು ಹೋಗುವುದು. ಈಮೇಲ್ ಬಂದ ಮೇಲೂ ಅದೇ ರೂಢಿ ನಡೆದಿತ್ತು. ಸುತ್ತಲ ಹಳ್ಳಿಗಳಾದ ಉಳವಿಯವರು, ಕುಬಟೂರಿನವರು ಅರ್ಜಿಯಲ್ಲಿ ಈಮೇಲ್ ಕೇಳಿದ ಕಡೆ ಪ್ರೆಸ್ಸಿನ ಐಡಿ ಬರೆಯುತ್ತಿದ್ದರು. ನಂಬಿಕೆಯ ಮೂರ್ನಾಲ್ಕು ಜನಕ್ಕೆ ಸಾಹೇಬರು ಪಾಸ್‌ವರ್ಡ್ ಕೂಡ ಹೇಳಿದ್ದರು. ಅವರು ಊರಲ್ಲೇ ಫೋನಿನಿಂದ ವೆಬ್‌ಮೇಲ್ ತೆರೆದು ನೋಡಿಕೊಳ್ಳುತ್ತಿದ್ದರು. ನಾನು ಮಾಡಿದ ಸೆಟ್ಟಿಂಗ್‌ನಿಂದ ಅವರಿಗೆ ಕಾಣುವುದು ಬರೀ ಖಾಲಿ ಪೇಜು.

ಒಂದು ತಿಂಗಳು ಬಿಟ್ಟು ಅದೇ ಪ್ರೆಸ್ಸಿಗೆ ಯುಪಿಎಸ್ ಬ್ಯಾಟರಿ ಹಾಕಲು ಹೋಗಿದ್ದೆ. ಮಧ್ಯಾಹ್ನದ ಹೊತ್ತು. ಒಬ್ಬ ಹೆಂಗಸು ಬಂದರು. ಹೆಸರು ನಾಗವೇಣಿ, ಉಳವಿಯವರು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ಅಣ್ಣನ ಮನೆಯಲ್ಲಿದ್ದರು. ಒಂದು ವಸತಿ ಶಾಲೆಗೆ ಅಡುಗೆ ಕೆಲಸಕ್ಕೆ ಅರ್ಜಿ ಹಾಕಿದ್ದರು. ಕೆಲಸದ ಜೊತೆಗೆ ಶಾಲೆಯ ಒಳಗೇ ಇರಲು ಒಂದು ಮನೆ ಕೊಡುತ್ತಾರಂತೆ. ಆಕೆಗೆ ಬೇಕಾಗಿದ್ದದ್ದು ಆ ಮನೆ.

'ಇಬ್ರಾಹಿಮಣ್ಣ, ಇವತ್ತೂ ಎಂತದೂ ಬಂದಿಲ್ಲನಾ?' ಎಂದು ಬಾಗಿಲಲ್ಲೇ ಕೇಳಿದರು.

'ನಾ ಎಲ್ಲಿ ನೋಡ್ತೀನೆ ತಂಗಿ, ನಂಗೆ ಕಾರ್ಡಿನ್ ಕೆಲ್ಸನೇ ಸಾಕಾಗಿದೆ. ದಿನಾ ನೋಡಾಕೆ ನೀನಿದೀಯಲ್ಲ.'

'ದಿನಾ ಫೋನಲ್ಲಿ ನೋಡ್ತೆ. ಮುಂಚೆ ಸುಡುಗಾಡು ಜಾಹೀರಾತಾದ್ರೂ ಬಂದು ಬೀಳ್ತಿದ್ವು. ಒಂದು ತಿಂಗ್ಳಿಂದ ಅದೂ ಇಲ್ಲ. ಬೋಳು.'

ಜಾಹೀರಾತೂ ಇಲ್ಲ ಎಂದ ಕೂಡಲೇ ಇದು ನನ್ನ ಸೆಟ್ಟಿಂಗ್‌ನ ಕೆಲಸ ಎಂದು ನನಗೆ ಗೊತ್ತಾಯಿತು. ಬ್ಯಾಟರಿ ವೈರ್ ಹಾಗೇ ಬಿಟ್ಟು ಕಂಪ್ಯೂಟರ್ ಮುಂದೆ ಕೂತೆ. 'ಇತರೆ' ಫೋಲ್ಡರ್ ತೆರೆದೆ. ಅದನ್ನು ಯಾರೂ ಮುಟ್ಟಿರಲಿಲ್ಲ. ಕೆಳಗೆ ಇಳಿಯುತ್ತಾ ಹೋದೆ. ಶಾಲೆಯ ಮೇಲ್ ಅಲ್ಲಿತ್ತು. ಫೈಲೇನೂ ಅಂಟಿಸದ ಆರು ಸಾಲಿನ ಮೇಲ್. ಆಯ್ಕೆ ಪಟ್ಟಿಯಲ್ಲಿ ನಿಮ್ಮ ಹೆಸರಿದೆ, ಮೂಲ ದಾಖಲೆ ತೆಗೆದುಕೊಂಡು ಇಂಥ ದಿನ ಬರಬೇಕು, ಬಾರದಿದ್ದರೆ ಮುಂದಿನವರಿಗೆ ಅವಕಾಶ ಎಂದು ಬರೆದಿತ್ತು. ಆ ದಿನ ಕಳೆದು ಎಂಟು ದಿನ ಆಗಿತ್ತು.

ನಾನು ಓದಿ ಹೇಳಿದೆ. ಆಕೆ ಕೂರಲಿಲ್ಲ. ಟೇಬಲ್ ಹಿಡಿದು ನಿಂತೇ ಇದ್ದರು.

ಮೇಲ್‌ನಲ್ಲಿದ್ದ ನಂಬರಿಗೆ ನನ್ನ ಫೋನಿನಿಂದಲೇ ಹಚ್ಚಿ ಸ್ಪೀಕರ್‌ಗೆ ಹಾಕಿದೆ. ಆ ಕಡೆಯ ಗುಮಾಸ್ತರು ಒಳ್ಳೆಯವರೇ. 'ಹೆಸರು ಎರಡನೇದಿತ್ತಮ್ಮ. ಎರಡು ದಿನ ಹೆಚ್ಚಿಗೇನೇ ಕಾದ್ವಿ. ಬೇರೆಯವರು ಬಂದು ಸೇರಿ ಆಯ್ತು. ಮುಂದಿನ ವರ್ಷ ಹಾಕಿ.'

'ಮುಂದಿನ್ ವರ್ಷಕ್ಕೆ ವಯಸ್ಸು ದಾಟ್ತದೆ ಸಾರ್' ಎಂದರು ನಾಗವೇಣಿ.

ಆ ಕಡೆಯವರು 'ನಮ್ಮ ಕೈಲಿಲ್ಲಮ್ಮ' ಎಂದರು. ಆಮೇಲೆ ಫೋನ್ ಇಟ್ಟರು.

ಸಾಹೇಬರು ನನ್ನ ಕಡೆ ತಿರುಗಿದರು. 'ಹಿಂಗ್ಯಾಕಾಯ್ತೋ? ಕಾಗ್ದ ಇಲ್ಲಿದೆ, ಅವಳಿಗೆ ಕಾಣ್ಲಿಲ್ಲ ಅಂದ್ರೆ?'

'ಸರ್ವರ್ ಪ್ರಾಬ್ಲಂ ಇರಬೇಕ್ರೀ' ಎಂದೆ. ಬಾಯಿಗೆ ಮೊದಲು ಬಂದದ್ದು ಅದು. ನಮ್ಮ ಲೈನಿನಲ್ಲಿ ಹೀಗೆ ಅಂದರೆ ಮುಗಿಯಿತು, ಮೇಲೆ ಯಾರೂ ಕೇಳುವುದಿಲ್ಲ.

ನಾಗವೇಣಿ ತಲೆ ಅಲ್ಲಾಡಿಸಿದರು. 'ಹಂಗಾರೆ ಎಂತ ಮಾಡಕ್ಕಾಗ್ತದೆ. ನನ್ನ ಹಣೇಬರ.'

ಆಕೆ ಬೈದಿದ್ದರೆ ನಾನು ಅದೇ ಸುಳ್ಳಿನಲ್ಲಿ ನಿಲ್ಲುತ್ತಿದ್ದೆನೋ ಏನೋ. ಹಣೆಬರಹ ಎಂದು ಒಪ್ಪಿಕೊಂಡಿದ್ದನ್ನು ತಡೆದುಕೊಳ್ಳಲಾಗಲಿಲ್ಲ.

'ಸರ್ವರ್ ಅಲ್ಲಕ್ಕ. ನಾನೇ ಮಾಡಿದ್ದು. ಇಲ್ಲಿಗೆ ಇಳಿಸಿ ಅಲ್ಲಿ ಅಳಿಸೋ ಹಂಗ ಇಟ್ಟಿದ್ದೆ. ನೀವು ನೋಡ್ತೀರಿ ಅಂತ ಗೊತ್ತಿರ್ಲಿಲ್ಲ.'

'ನಾ ಹೇಳಾಕ್ ಬಂದೆ ಅವತ್ತು' ಎಂದರು ಸಾಹೇಬರು. ದನಿ ಏರಿತ್ತು. 'ಬಾಯ್ ಮುಚ್ಚಿಸ್ದೆ ನೀನು. ಬಸ್ಸಿಗೆ ಹೊತ್ತಾಯ್ತು ಅಂದೆ. ನನ್ನಂಗ್ಡಿ ನಂಬಿ ವಿಳಾಸ ಕೊಟ್ಟಿದ್ರಲ್ಲೋ ಜನ. ನಮ್ಮಪ್ಪನ ಕಾಲದಾಗೆ ಒಂದು ಕಾಗ್ದ ಕಳ್ದಿರ್ಲಿಲ್ಲ ಇಲ್ಲಿ.'

ನಾಗವೇಣಿ ನನ್ನನ್ನೇ ನೋಡುತ್ತಿದ್ದರು. ಕೆನ್ನೆಗೆ ಹೊಡೆಯುತ್ತಾರೆ ಎಂದುಕೊಂಡೆ.

'ಅದನ್ನ ಕಾಗದದ ಮೇಲೆ ತೆಗ್ದು ಕೊಡಕ್ಕಾಗ್ತದಾ?' ಎಂದು ಕೇಳಿದರು.

'ಈಗ ಎಂತಕ್ಕೆ ತಂಗಿ ಅದು?' ಎಂದರು ಸಾಹೇಬರು.

'ನಮ್ಮತ್ತಿಗೆ ದಿನಾ ಆಡ್ಕೋತಾಳೆ. ನಿನ್ನ ಯಾರು ಕರೀತಾರೆ ಅಂತ. ಕರ್ದಿದ್ರು ಅಂತ ಅವ್ಳಿಗೆ ಗೊತ್ತಾಗ್ಲಿ.'

ಮದುವೆ ಕಾರ್ಡಿಗೆ ಹಾಕುವ ದಪ್ಪ ಕಾಗದ ತೆಗೆದು ಸಾಹೇಬರೇ ಪ್ರಿಂಟ್ ಕೊಟ್ಟರು. ಆಕೆ ಅದನ್ನು ಮಡಿಸಲಿಲ್ಲ. ಬಿಸಿಲಿನಲ್ಲಿ ಎರಡೂ ಕೈಯಲ್ಲಿ ಹಿಡಿದುಕೊಂಡು ಬಸ್ ಸ್ಟ್ಯಾಂಡ್ ಕಡೆ ಹೋದರು.

ಅವತ್ತೇ ಪಾಪ್ ತೆಗೆದು ಐಮ್ಯಾಪ್ ಹಾಕಿದೆ. ಕಾರ್ಡಿನ ಹಳೇ ಫೋಟೋಗಳನ್ನು ಕಂಪ್ಯೂಟರಿನಲ್ಲೇ ಇಟ್ಟು, ಉಳಿದ ಮೇಲ್‌ಗಳನ್ನು ವಾಪಸ್ ಸರ್ವರ್‌ಗೆ ಏರಿಸಿದೆ. ಕತ್ತಲಾಯಿತು, ಬಸ್ಸು ತಪ್ಪಿತು. ನಾಗವೇಣಿ ಮತ್ತೆ ಪ್ರೆಸ್ಸಿಗೆ ಬರಲಿಲ್ಲ ಎಂದು ಸಾಹೇಬರು ಆಮೇಲೆ ಯಾವಾಗಲೋ ಹೇಳಿದರು. ಇನ್ನೂ ಅಣ್ಣನ ಮನೆಯಲ್ಲೇ ಇದ್ದಾರಂತೆ.

ಈಗ ಯಾರ ಮೇಲ್ ಸೆಟ್ ಮಾಡಬೇಕಾದರೂ ಈ ಐಡಿ ಇನ್ಯಾರು ನೋಡುತ್ತಾರೆ ಎಂದು ಮೊದಲು ಕೇಳುತ್ತೇನೆ. ಒಬ್ಬೊಬ್ಬರ ಹೆಸರನ್ನೂ ಬರೆಸಿಕೊಳ್ಳುತ್ತೇನೆ. ಗಿರಾಕಿ ಮಾತು ಶುರು ಮಾಡಿದರೆ ಮುಗಿಯುವ ತನಕ ಕೀಬೋರ್ಡ್ ಮುಟ್ಟುವುದಿಲ್ಲ. ಒಂದು ತಾಸಿನ ಕೆಲಸಕ್ಕೆ ಎರಡು ತಾಸು ಆಗುತ್ತದೆ. ಅಂಗಡಿ ಯಜಮಾನರು ಬೈಯುತ್ತಾರೆ. ಬೈಯಲಿ.