ಹೆಬ್ಬೆಟ್ಟು ಒಲ್ಲದ ಮುದಕಮ್ಮ

ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ ಕಾಡುಹಂದಿಗಳಿಗೊಂದು ಶಾಲೆ ಇದ್ದಿದ್ದರೆ, ಮೊದಲ ಪಾಠವೇ ಮುದಕಮ್ಮನ ಬಗ್ಗೆ ಇರುತ್ತಿತ್ತು. ಗಂಡ ತೀರಿದ ಮೇಲೆ ಬೆಳೆ ಕಾಯುವ ಬಂದೂಕಿನ ಲೈಸೆನ್ಸನ್ನು ಆಕೆ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಳು. ಶೇಂಗಾ ಹೊಲದಲ್ಲಿ ನಿಂತು ಗಾಳಿಗೆ ಒಂದು ಗುಂಡು ಹಾರಿಸಿದರೆ ಸಾಕು, ಹಂದಿಗಳು ಸಂಸಾರ ಸಮೇತ ಗುಡ್ಡ ಹತ್ತುತ್ತಿದ್ದವು. ಲೈಸೆನ್ಸಿನ ಅರ್ಜಿಗೆ ಸಹಿ ಬೇಕಾದಾಗ ಗುಮಾಸ್ತ ಕೇಳದೆಯೇ ಮಸಿಯ ಡಬ್ಬಿ ಮುಂದಿಟ್ಟಿದ್ದ. ಅದನ್ನು ಆಚೆ ತಳ್ಳಿ ನಾಲ್ಕು ಅಕ್ಷರ ಕೆತ್ತಿ ಬಂದವಳು ಆಕೆ. ಯಾರಿಂದಲೂ 'ಹೆಬ್ಬೆಟ್ಟು' ಅನ್ನಿಸಿಕೊಳ್ಳಬಾರದೆಂದೇ ಐವತ್ತು ದಾಟಿದ ಮೇಲೆ ಅಕ್ಷರ, ಅಂಕಿ ಎರಡನ್ನೂ ಕಲಿತಿದ್ದಳು.

ಹಂದಿಗಳನ್ನು ಗೆದ್ದವಳಿಗೆ ಸವಾಲಾದವನು ಮೈದುನ ಹನಮೇಶ. ಕುಡಿದಾಗ ಮಹಾರಾಜ, ಇಳಿದಾಗ ಅಳುಮುಂಜಿ. ಒಂದು ಮದುವೆಯ ಮೆರವಣಿಗೆಯಲ್ಲಿ ಅತ್ತಿಗೆಯ ಬಂದೂಕನ್ನು ಗೂಟದಿಂದ ಇಳಿಸಿಕೊಂಡು ಹೋಗಿ ಆಕಾಶಕ್ಕೆ ಹೊಡೆದ. ಆಕಾಶ ತಪ್ಪಿತು, ಒಬ್ಬ ತಲೆಯ ಮೇಲೆತ್ತಿ ಕುಣಿಯುತ್ತಿದ್ದ ಡೊಳ್ಳು ತೂತಾಯಿತು. ತಲೆ ಒಂದೇ ಗೇಣು ಕೆಳಗಿತ್ತು.

ಅಂದಿನಿಂದ ಮುದಕಮ್ಮನಿಗೆ ಒಂದೇ ಹಟ: ಬಂದೂಕು ತನ್ನ ಕೈಗಲ್ಲದೆ ಇನ್ನೊಂದು ಕೈಗೆ ಸಿಗಬಾರದು. ಕೊಪ್ಪಳದಿಂದ, ಬೆರಳು ಇಟ್ಟರೆ ತೆರೆಯುವ ಕಬ್ಬಿಣದ ಪೆಟ್ಟಿಗೆ ತರಿಸಿದಳು. ಅದನ್ನು ಕೂಡಿಸಲು ಅಂಗಡಿಯ ಮೆಕ್ಯಾನಿಕ್ ಗವಿಸಿದ್ದೇಶ ಬಂದ.

ಪೆಟ್ಟಿಗೆ ಯಜಮಾನಿಯನ್ನೇ ಒಪ್ಪಲಿಲ್ಲ. ನಲವತ್ತು ವರ್ಷ ಕಳೆ ಕಿತ್ತ ಬೆರಳಲ್ಲಿ ಗೆರೆ ಎಲ್ಲಿಂದ ಬರಬೇಕು? ಹತ್ತೂ ಬೆರಳು ಇಟ್ಟಳು. ಹತ್ತು ಸಲವೂ ಅದು ಕೆಂಪು ಕಣ್ಣು ಬಿಟ್ಟು ಕುಂಯ್ ಎಂದಿತು.

"ರೇಷನ್ ಅಂಗಡ್ಯಾಗೂ ಹಿಂಗ ಆಕ್ಕೈತೇನ್ರಿ ಯವ್ವಾ?" ಎಂದ ಗವಿಸಿದ್ದೇಶ.

"ಹೂಂನಪಾ. ಅಲ್ಲಿ ಮನ್ಯಾಗಿನವ್ರು ಯಾರರ ಬೆಟ್ಟು ಒತ್ತಿದ್ರ ಅಕ್ಕಿ ಕೊಡ್ತಾರ," ಎನ್ನುತ್ತ ಆಕೆ ಚಹಾ ಇಳಿಸಲು ಒಳಗೆ ಹೋದಳು.

ಗವಿಸಿದ್ದೇಶನಿಗೆ ಅಷ್ಟೇ ಸಾಕಾಯಿತು. ಚಹಾ ಬರುವಷ್ಟರಲ್ಲಿ, ಕಟ್ಟೆಯ ಮೇಲೆ ಕೂತಿದ್ದ 'ಮನ್ಯಾಗಿನವ'ನ ಹೆಬ್ಬೆಟ್ಟನ್ನು ಪೆಟ್ಟಿಗೆಗೆ ಕಲಿಸಿಬಿಟ್ಟಿದ್ದ. ಹುಟ್ಟಿದಂದಿನಿಂದ ಕುಡುಗೋಲು ಮುಟ್ಟದ ಆ ನುಣುಪು ಬೆರಳಿಗೆ ಹಸಿರು ದೀಪ ಒಂದೇ ಏಟಿಗೆ ಹೊತ್ತಿತು.

"ಆತ್ರಿ ವೈನಿ!" ಎಂದು ಹನಮೇಶ ಹಲ್ಲು ಕಿಸಿದ.

ಚಹಾ ತಂದ ಮುದಕಮ್ಮನ ಕೈಯಿಂದ ಕಪ್ಪು-ಬಸಿ ನೆಲಕ್ಕೆ ಬಿತ್ತು.

"ಇವನ ಕೈಯಾಗ ಸಿಗಬಾರ್ದಂತ ನಾ ಪೆಟಿಗಿ ತರಿಸಿದ್ರ, ಇವನ ಕೈಗೇ ಕೀಲಿ ಕೊಟ್ಟೆಲ್ಲೋ ತಮ್ಮಾ! ಹಾಲಿಗೆ ಬೆಕ್ಕಿನ ಕಾವಲೇನು? ಅಕ್ಕಿಗೂ ಗುಂಡಿಗೂ ಫರಕ್ ಗೊತ್ತಿಲ್ಲೇನು ನಿಮ್ಮ ಮಿಶಿನ್ನಿಗೆ?"

"ಸಿಟ್ಟಾಗಬ್ಯಾಡ್ರಿ ಯವ್ವಾ. ನಂಬರ್ ಒತ್ತಿನೂ ತೆಗೀಬೋದು. ನಿಮಗ ಅಂಕಿ ಎಲ್ಲಿ ಬರ್ತಾವಂತ ನಾ ಹೇಳ್ಲಿಲ್ಲರಿ..."

ಆಗ ಮುದಕಮ್ಮ ನೋಡಿದ ನೋಟವನ್ನು ಹಂದಿಗಳು ಚೆನ್ನಾಗಿ ಬಲ್ಲವು.

"ಸರ್ಕಾರಿ ಕಾಗದಕ್ಕ ಸಹಿ ಹಾಕಿದಾಕಿ ನಾ. ಹೆಬ್ಬೆಟ್ಟು ನಾನಲ್ಲ, ನಿನ್ನ ಪೆಟಿಗಿ! ಮೊದಲ ಇವನ ಬೆಟ್ಟು ಅಳಸು."

ಗವಿಸಿದ್ದೇಶ ಅಳಿಸಿದ. "ನಂಬರ್ ಹೇಳ್ರಿ, ನಾ ಒತ್ತತೀನಿ."

"ನಿನಗ್ಯಾಕ ಹೇಳ್ಲಿ? ಹೆಂಗ ಅಂತ ತೋರಿಸಿ, ಇಬ್ರೂ ಗ್ವಾಡಿ ಕಡೆ ಮಾರಿ ಮಾಡಿ ನಿಲ್ರಿ."

ಶಾಲೆ ತಪ್ಪಿಸಿ ಸಿಕ್ಕಿಬಿದ್ದವರಂತೆ ಇಬ್ಬರೂ ಗೋಡೆಗೆ ಮುಖ ಕೊಟ್ಟು ನಿಂತರು. ಹಿಂದೆ ಆರು ಸಲ ಟಿಕ್ ಎಂದಿತು. ಹನಮೇಶ ಎಣಿಸುತ್ತಲೇ ಇದ್ದ.

"ವೈನಿ, ಅಣ್ಣ ಹುಟ್ಟಿದ ತಾರೀಖು ಹಾಕಿದ್ರೇನ್ರಿ?"

"ಅದು ನಿಮ್ಮವ್ವಗ ಗೊತ್ತಿದ್ದಿಲ್ಲ, ನನಗೆಲ್ಲಿಂದ ಗೊತ್ತಿರಬೇಕು? ಬಾ, ನಿನ್ನ ಬೆಟ್ಟು ಇಟ್ಟು ನೋಡು."

ಇಟ್ಟ. ಪೆಟ್ಟಿಗೆ ಕೆಂಪು ಕಣ್ಣು ಬಿಟ್ಟು ಕುಂಯ್ ಎಂದಿತು. ಬೆಳಗಿನಿಂದ ತನ್ನ ಮಾನ ಕಳೆದ ಅದೇ ದನಿಯನ್ನು ಮುದಕಮ್ಮ ಕಿವಿಗೊಟ್ಟು ಕೇಳಿದಳು.

"ಇನ್ನೊಮ್ಮೆ ಇಡು," ಎಂದಳು.