ನೆಟ್ಟಗೆ ಹೋಗಿ ಬಾಗಿ ಮರಳುವ ಕೈ

ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರ ಎಡಗೈ ಮೊಣಕೈ ಹತ್ತಿರ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಹುಲ್ಲಿನ ಬಣವೆಯಿಂದ ಬಿದ್ದು ಮುರಿದದ್ದಂತೆ. ಹೀಗಾಗಿ ಪಾಠದಲ್ಲಿ ದುಡಿಮೆಯೆಲ್ಲ ಬಲಗೈಯದೇ. ಸಿಲಿಯಾ, ಅಂದರೆ ಜೀವಕೋಶದ ಮೈಮೇಲೆ ಬೀಸುತ್ತಿರುವ ಸೂಕ್ಷ್ಮ ಕೂದಲುಗಳ ಪಾಠದ ದಿನ ಆ ತೋಳನ್ನು ಕೋಲಿನಂತೆ ಮೇಲೆತ್ತಿ ಒಂದೇ ಏಟಿಗೆ ಕೆಳಗಿಳಿಸುತ್ತಿದ್ದರು. ಆಮೇಲೆ ಮಡಿಸಿ, ಮೈಗೆ ಒತ್ತಿಕೊಂಡು, ಮೆಲ್ಲಗೆ ಮತ್ತೆ ಮೇಲಕ್ಕೆ ತರುತ್ತಿದ್ದರು.

"ಹೊಡಿವಾಗ ನೆಟ್ಟಗೆ, ಬರುವಾಗ ಬಾಗಿ. ಎರಡೂ ಸಲ ನೆಟ್ಟಗೆ ಬಡಿದ್ರೆ ಹೋದ ನೀರು ಹಂಗೇ ವಾಪಸ್ ಬರ್ತೈತೆ. ಕೆಲಸ ಏನಾತು?"

ಅಷ್ಟಕ್ಕೇ ಬಿಡುತ್ತಿರಲಿಲ್ಲ. ಮೊದಲ ಬೆಂಚಿನವರನ್ನು ಸಾಲಾಗಿ ನಿಲ್ಲಿಸಿ ಒಬ್ಬರ ಬೆನ್ನಿಗೊಬ್ಬರು ಕೈ ಬೀಸುವಂತೆ ಮಾಡಿಸುತ್ತಿದ್ದರು. ಗಾಳಿ ಬಂದಾಗ ಭತ್ತದ ಗದ್ದೆಯ ಮೇಲೆ ಓಡುತ್ತದಲ್ಲ, ಅಂಥ ಅಲೆ ಬರಬೇಕಿತ್ತು. ನಂದಿಗುಡಿಯವರು, ಭತ್ತ ಬಿಟ್ಟರೆ ಬೇರೆ ಹೋಲಿಕೆ ಅವರಿಗೆ ಹೊಳೆಯುತ್ತಿರಲಿಲ್ಲ.

ಅಲ್ಲಿಂದ ಹರಿಹರಕ್ಕೆ ಒಂದು ಬಸ್ಸು, ಹರಿಹರದಿಂದ ದಾವಣಗೆರೆಯ ನಮ್ಮ ಕಾಲೇಜಿಗೆ ಇನ್ನೊಂದು. ತೊಡೆಯ ಮೇಲೆ ಒಂದು ಹಳೆಯ ಉಪ್ಪಿನಕಾಯಿ ಬಾಟಲಿ. ಮನೆಯ ಭತ್ತದ ಹುಲ್ಲನ್ನು ಕುದಿಸಿ, ಹೊಳೆಯ ನೀರು ಬೆರೆಸಿ, ವಾರ ಹತ್ತು ದಿನ ಇಟ್ಟರೆ ಅದರಲ್ಲಿ ಸಿಲಿಯಾ ಬೀಸಿ ಈಜುವ ಪ್ಯಾರಾಮೀಸಿಯಂ ಎಂಬ ಸೂಕ್ಷ್ಮಜೀವಿಗಳು ತುಂಬಿಕೊಳ್ಳುತ್ತವೆ. ಅಷ್ಟೇ ನಾರುತ್ತದೆ ಕೂಡ. "ಉಪ್ಪಿನಕಾಯಿ ಕೆಟ್ಟೈತಲ್ರೀ ಸರ್" ಎಂದ ಕಂಡಕ್ಟರಿಗೆ, "ಕೆಟ್ಟಿಲ್ಲಪ್ಪ, ಹುಟ್ಟೈತೆ" ಅಂದರಂತೆ. ಆ ಮಾತನ್ನು ವರ್ಷಕ್ಕೆರಡು ಸಲವಾದರೂ ನಮಗೆ ಹೇಳುತ್ತಿದ್ದರು, ನಾವೂ ಹೊಸದಾಗಿ ಕೇಳಿದವರಂತೆ ನಗುತ್ತಿದ್ದೆವು.

ನಾನು ಆ ಸಾಲಿನಲ್ಲಿ ನಿಂತವಳಲ್ಲ. ನನ್ನದು ಕಿಟಕಿಯ ಪಕ್ಕದ ಕೊನೇ ಬೆಂಚು, ಒಬ್ಬಳೇ. ಹುಟ್ಟಿದಾಗಿನಿಂದ ಕಫದ ಕೆಮ್ಮು. ಹೈಸ್ಕೂಲಿನಲ್ಲಿದ್ದಾಗ ಕಫದ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ಎಕ್ಸ್‌ರೇಯಲ್ಲಿ ಕಲೆ ಕಂಡಿತೆಂದು ಆರು ತಿಂಗಳು ಟಿಬಿ ಮಾತ್ರೆ ನುಂಗಿಸಿದ್ದರು. ಮಾತ್ರೆ ಮುಗಿಯಿತು, ಕೆಮ್ಮು ಮುಗಿಯಲಿಲ್ಲ. ಸರಸ್ವತಿ ನಗರದ ನಮ್ಮ ಮನೆಯಲ್ಲಿ ನನ್ನ ಲೋಟ, ತಟ್ಟೆ ಬೇರೆ. ಮದುವೆ ಮನೆಗಳಲ್ಲಿ ನಾನು ಕೂತ ಕಡೆ ಎರಡು ಕುರ್ಚಿ ತಾವಾಗಿಯೇ ಖಾಲಿಯಾಗುತ್ತಿದ್ದವು. ಆ ಬೆಂಚಿಗೆ ನನ್ನನ್ನು ಕಳಿಸಿದವರೂ ಈ ಮೇಷ್ಟ್ರೇ. "ಗಾಳಿ ಚೆನ್ನಾಗಿ ಬರ್ತೈತೆ ತಂಗಿ, ಅಲ್ಲಿ ಕೂಡು" ಅಂದಿದ್ದರು. ಗಾಳಿ ಯಾರ ಸಲುವಾಗಿ ಅಂತ ನನಗೇನು ತಿಳಿಯದೆ? ಅವರ ಮೇಲೆ ಸಿಟ್ಟಿತ್ತು.

ಒಂದು ದಿನ ಪ್ರಾಕ್ಟಿಕಲ್‌ನಲ್ಲಿ ಎದೆಬಡಿತ ಎಣಿಸಬೇಕಿತ್ತು. ಗೆಳತಿ ಸ್ಟೆತಾಸ್ಕೋಪನ್ನು ನನ್ನ ಎದೆಯ ಎಡಕ್ಕಿಟ್ಟು ಹುಡುಕಿ ಹುಡುಕಿ, "ಸರ್, ಇವಳಿಗೆ ಹೃದಯನೇ ಇಲ್ಲ" ಅಂದಳು. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ.

"ಬಲಕ್ಕಿಡು," ಅಂದರು.

ಬಲಕ್ಕಿಟ್ಟಳು. ಅವಳ ನಗು ನಿಂತಿತು. "ಇಲ್ಲಿ ಚೆನ್ನಾಗಿ ಕೇಳ್ತೈತ್ರಿ ಸರ್."

"ನಾಳೆ ನಿನ್ನ ಎಕ್ಸ್‌ರೇ ತಗಂಬಾ," ಎಂದು ಮೇಷ್ಟ್ರು ನನಗೆ ಹೇಳಿದರು.

ಮರುದಿನ ತಂದ ಫಿಲ್ಮನ್ನು ಕಿಟಕಿಗೆ ಹಿಡಿದರು. ಹೃದಯ ಎಲ್ಲರಂತೆ ಎಡಕ್ಕೇ ಇತ್ತು. ತುಸು ಹೊತ್ತು ನೋಡಿ ಫಿಲ್ಮಿನ ಮೂಲೆಗೆ ಬೆರಳಿಟ್ಟರು. ಎಡಗಡೆಯ ಗುರುತಿಗೆಂದು ಅಲ್ಲಿ ಇಂಗ್ಲಿಷಿನ ಒಂದು ಅಕ್ಷರವಿರುತ್ತದೆ. ಅದು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿತ್ತು. ಅಕ್ಷರ ಸರಿ ಕಾಣುವಂತೆ ಫಿಲ್ಮನ್ನು ತಿರುಗಿಸಿದರು. ಹೃದಯ ಬಲಕ್ಕೆ ಹೋಯಿತು.

"ನೋಡಿದೋರೆಲ್ಲ ಹೃದಯ ನೋಡ್ಕೊಂಡು ಫಿಲ್ಮ್ ಹಿಡಿದಾರ. ಅಕ್ಷರ ಯಾರೂ ನೋಡಿಲ್ಲ."

ಆ ಸಂಜೆ ಮನೆಗೇ ಬಂದರು. ಜೇಬಿನಿಂದ ಭತ್ತದ ಹುಲ್ಲಿನ ಒಂದು ಸಣ್ಣ ಕಟ್ಟು ತೆಗೆದು ಅಮ್ಮನ ಮುಂದಿಟ್ಟರು. ಸುತ್ತ ಒಂಬತ್ತು ಜೊತೆ ಕಡ್ಡಿ, ನಡುವೆ ಎರಡು. ಉಸಿರಿನ ನಾಳದಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ಒಂದೊಂದು ಸಿಲಿಯಾದ ಒಳಗೂ ಇದೇ ಕಟ್ಟಡ. ಒಂದು ಜೊತೆ ಪಕ್ಕದ ಜೊತೆಯನ್ನು ಹಿಡಿದು ಎಳೆಯುತ್ತದೆ. ಬುಡ ಕಟ್ಟಿರುವುದರಿಂದ ಜಾರಿಹೋಗಲಾರದೆ ಇಡೀ ಕಟ್ಟು ಬಾಗುತ್ತದೆ.

"ನಿಮ್ಮ ಮಗಳಿಗೆ ಕಡ್ಡಿ ಅದಾವಮ್ಮ, ಎಳಿಯೋ ಕೈ ಇಲ್ಲ ಅಂತ ಕಾಣ್ತೈತೆ. ಅದಕ್ಕ ಎದಿಯೊಳಗಿನ ಕಫ ಮೇಲೆ ಬರವಲ್ದು. ಹೊಟ್ಟೆಯೊಳಗೆ ಕೂಸು ಇನ್ನೂ ಚುಕ್ಕಿಯಷ್ಟಿರುವಾಗ ಎಡ ಯಾವುದು, ಬಲ ಯಾವುದು ಅಂತ ಗೊತ್ತು ಮಾಡೋದೂ ಇಂಥವೇ. ಅವು ತಿರುಗಿ ಒಂದು ಸುಳಿ ಎಬ್ಬಿಸಬೇಕು. ಅವು ನಿಂತ್ರೆ ಹೃದಯ ಎಡಕ್ಕೂ ಆಗಬಹುದು, ಬಲಕ್ಕೂ ಆಗಬಹುದು. ನಾನು ಡಾಕ್ಟರಲ್ಲ, ದೊಡ್ಡ ಆಸ್ಪತ್ರೆಗೆ ಹೋಗಾನು ಬರ್ರಿ."

ಅಮ್ಮ ಕೇಳಿದ್ದು ಒಂದೇ. "ಹತ್ತೋ ರೋಗ ಏನ್ರಿ ಸರ್ ಇದು?"

"ಹುಟ್ಟುತ್ಲೇ ಬಂದದ್ದು ಯಾರಿಗೂ ಹತ್ತಂಗಿಲ್ಲಮ್ಮ."

ಆಸ್ಪತ್ರೆಯ ಓಡಾಟಕ್ಕೆ ನಾಲ್ಕು ತಿಂಗಳು ಹಿಡಿಯಿತು. ಎರಡು ಸಲ ಅವರೇ ರಜೆ ಹಾಕಿ ಜೊತೆಗೆ ಬಂದರು. ಅವರ ಊಹೆ ಸರಿಯಿತ್ತು. ಗುಣವಾಗುವಂಥದ್ದಲ್ಲ, ದಿನವೂ ಬೆಳಗ್ಗೆ ತಲೆ ತಗ್ಗಿಸಿ ಮಲಗಿ, ಬೆನ್ನು ತಟ್ಟಿಸಿಕೊಂಡು ಕಫ ಹೊರಗೆ ತರಬೇಕು. "ಒಳಗಿನ ಆಳು ಕೆಲಸಕ್ಕ ಬರಂಗಿಲ್ಲ ಅಂದ್ರೆ ಹೊರಗಿನೋರು ಮಾಡ್ಬೇಕು ತಂಗಿ, ಅಷ್ಟೇ" ಎಂದು ಅಂಗೈಯನ್ನು ಬೊಗಸೆ ಮಾಡಿ ತಟ್ಟುವುದನ್ನು ಅಮ್ಮನಿಗೆ ತೋರಿಸಿದರು, ದಿಂಬಿನ ಮೇಲೆ.

ಆಸ್ಪತ್ರೆಯ ಕಾಗದ ಕೈಗೆ ಬಂದ ಮರುದಿನ ಅವರು ಕ್ಲಾಸಿಗೆ ಬಂದವರೇ ಕೊನೇ ಬೆಂಚಿಗೆ ಹೋಗಿ ನನ್ನ ಚೀಲ ಎತ್ತಿಕೊಂಡು ಬಂದು ಮೊದಲ ಬೆಂಚಿನಲ್ಲಿಟ್ಟರು. "ನಂದು ತಪ್ಪಾತು," ಅಂದರು, ಎಲ್ಲರಿಗೂ ಕೇಳುವಂತೆ. ಆಮೇಲೆ ಬೇರೆ ಪಾಠ ಬಿಟ್ಟು ಸಿಲಿಯಾ ಪಾಠವನ್ನೇ ಇನ್ನೊಮ್ಮೆ ಮಾಡಿದರು. ಸಾಲಿನ ನಡುವೆ ನಿಂತು ನಾನೂ ಕೈ ಬೀಸಿದೆ. ಆ ದಿನದ ಸಂತೋಷಕ್ಕೆ ಸಮನಾದದ್ದು ನನಗೆ ಆಮೇಲೆ ಹೆಚ್ಚೇನೂ ಸಿಕ್ಕಿಲ್ಲ.

ಕಳೆದ ವರ್ಷ ತೀರಿಕೊಂಡರು. ಸುದ್ದಿ ಕೇಳಿ ನಂದಿಗುಡಿಗೆ ಹೋದೆ. ಪಡಸಾಲೆಯಲ್ಲಿ ವಿಭೂತಿ ಹಚ್ಚಿ ಕುಳ್ಳಿರಿಸಿದ್ದರು. ಬಾಗಿದ ಎಡಗೈ ಹಾಗೇ ಬಾಗಿಕೊಂಡು ತೊಡೆಯ ಮೇಲಿತ್ತು. ಹೆಂಗಸರ ಹಿಂದೆ ಬಾಗಿಲ ಬಳಿ ಕೂತೆ. ಬಸ್ಸಿನ ಧೂಳಿಗೋ ಅಳುವಿಗೋ ಕೆಮ್ಮು ಬಂತು. ಪಕ್ಕದಲ್ಲಿದ್ದವರು ಸೆರಗನ್ನು ಮೂಗಿಗೆ ಹಿಡಿದು ಸರಿದರು. ಅಭ್ಯಾಸವಾದದ್ದೇ ಎಂದು ಹೊರಗೆ ಹೋಗಲು ಎದ್ದೆ.

ಮೇಷ್ಟ್ರ ಹೆಂಡತಿ ತಲೆ ಎತ್ತಿದರು. ಅವರು ನನ್ನನ್ನು ಅದಕ್ಕೂ ಮೊದಲು ಎಂದೂ ಕಂಡವರಲ್ಲ.

"ಬಲಕ್ಕ ಹೃದಯ ಇರೋ ಹುಡುಗಿ ನೀನೇ ಏನವ್ವ?"

ಹೌದೆಂದು ತಲೆಯಾಡಿಸಿದೆ.

"ಅದು ಹತ್ತೋ ಕೆಮ್ಮಲ್ಲ, ನಮ್ಮನೇರು ಹೇಳ್ಯಾರ," ಎಂದು ಸುತ್ತ ಕೂತವರಿಗೆ ಹೇಳಿ, ತಮ್ಮ ಪಕ್ಕದ ಚಾಪೆಯನ್ನು ತಟ್ಟಿದರು. "ಬಾ, ಮುಂದ ಬಂದು ಕೂಡು."

ಹೋಗಿ ಕೂತೆ. ಮತ್ತೆ ಕೆಮ್ಮು ಬಂತು. ತಡೆದುಕೊಳ್ಳಲಿಲ್ಲ.