ಅಬು ರಾತಿಬನ ಪಾರಿವಾಳಗಳ ಕೊಕ್ಕು

ದಮಾಸ್ಕಸ್ಸಿನಲ್ಲಿ ಪಾರಿವಾಳ ಸಾಕುವವರ ಮಾತನ್ನು ಯಾರೂ ನಂಬುವುದಿಲ್ಲ; ಅವರ ಸಾಕ್ಷಿ ಕೋರ್ಟಿನಲ್ಲೂ ನಡೆಯುವುದಿಲ್ಲವಂತೆ. ಅಬು ರಾತಿಬನಿಗೆ ಅದರ ಚಿಂತೆಯಿಲ್ಲ. ತಾರಸಿ ಹತ್ತಿದನೆಂದರೆ ಅವನೇ ಸುಲ್ತಾನ, ಗೂಡುಗಳೇ ಅಂತಃಪುರ. ಒಂದು ಹೆಣ್ಣು ಪಾರಿವಾಳಕ್ಕೆ ವರ ಗೊತ್ತುಮಾಡಲು ಇಡೀ ಚಳಿಗಾಲ ತೆಗೆದುಕೊಳ್ಳುತ್ತಾನೆ. ಬೇಕಾದದ್ದು ಒಂದೇ, ಪುಟ್ಟ ಕೊಕ್ಕು. ಪುಟ್ಟ ಕೊಕ್ಕಿನವನ್ನೇ ಜೋಡಿಮಾಡಿ, ಉದ್ದ ಕೊಕ್ಕಿನ ಮರಿಗಳನ್ನು ನೆಂಟರಿಗೆ ದಾಟಿಸಿದ್ದರಿಂದ, ತಲೆಮಾರಿನಿಂದ ತಲೆಮಾರಿಗೆ ಕಿರಿದಾಗುತ್ತ ಬಂದ ಕೊಕ್ಕು ಈಗ ಗೋಧಿಕಾಳಿನಷ್ಟು ಉಳಿದಿದೆ. “ಮುತ್ತು ಕಣ್ರೋ, ಮುತ್ತು!” ಎಂದು ಬೀಗುತ್ತಾನೆ. ಆದರೆ ಆ ಮುತ್ತಿನಿಂದ ತಾಯಿ ತನ್ನ ಮರಿಗೆ ಗುಟುಕು ಕೊಡಲಾರಳು. ಹಾಗಾಗಿ ಸುಲ್ತಾನರೇ ನೆನೆಸಿದ ಕಡಲೆ ಅಗಿದು, ತುಟಿಯಿಂದ ತುತ್ತು ಕೊಡುತ್ತಾರೆ. “ಗಿಡುಗಕ್ಕೆ ನಿಮಗಿಂತ ಬುದ್ಧಿ ಇದೆ ಕಣ್ರೀ,” ಎಂದು ಹೆಂಡತಿ ಉಮ್ಮ್ ರಾತಿಬ್ ಬಟ್ಟೆ ಒಣಹಾಕುತ್ತ ಕೆಣಕುತ್ತಾಳೆ. “ಅದು ಕೈಲಾಗದ ಹಕ್ಕೀನ ಹುಡುಕಿ ಹೊತ್ಕೊಂಡು ಹೋಗುತ್ತೆ. ನೀವು ಅಂಥವನ್ನೇ ಹುಡುಕಿ ಮದುವೆ ಮಾಡಿಸ್ತೀರಿ!” ಬಾಯಿತುಂಬ ಕಡಲೆ ಇರುವ ಸುಲ್ತಾನರು ಹುಬ್ಬಿನಲ್ಲೇ ಗದರಬೇಕು. ಈ ವಸಂತದಲ್ಲಿ ಅವನು ಜ್ವರದಿಂದ ಎರಡು ದಿನ ಮಲಗಿದ್ದಷ್ಟೇ, ತುಂಬಿದ ಕಾಳಿನ ಬಟ್ಟಲಿನ ಪಕ್ಕದಲ್ಲೇ ಮೂರು ಮರಿಗಳು ಹಸಿವಿನಿಂದ ಸತ್ತವು. ಎದ್ದವನು ನೇರ ಬೀದಿಗಿಳಿದು, ಬೇಕರಿಯ ಮುಂದೆ ರೊಟ್ಟಿಚೂರು ಹೆಕ್ಕುತ್ತಿದ್ದ, ಮೊಳೆಯಂಥ ಕೊಕ್ಕಿನ ಮಸಿಬಣ್ಣದ ಗಂಡು ಪಾರಿವಾಳವೊಂದನ್ನು ಹಿಡಿದು ತಂದ. ಅಂತಃಪುರದ ಬಾಗಿಲು ತೆರೆದು, ಉಳಿದ ಪಾರಿವಾಳಗಳಿಗೆ ಕೇಳಿಸೀತೆಂದು ದನಿ ತಗ್ಗಿಸಿ, “ಮರಿಗಳಿಗೆಲ್ಲ ನಿಮ್ಮ ಮೂತಿಯೇ ಬರಲಿ, ದೊರೆ” ಎಂದ.